ಪೆಟ್ಟಿಗೆ ಕೂಗಲಿಲ್ಲವಂತೆ!

85 ರೂಪಾಯಿ. ಎಂಟು ಸಾವಿರವಲ್ಲ, ಎಂಟು ನೂರೂ ಅಲ್ಲ. ಬೆಳಗ್ಗೆಯಿಂದ ಈ ಒಂದು ಸಂಖ್ಯೆ ತಲೆಯೊಳಗೆ ಬುಗುರಿಯಂತೆ ಸುತ್ತುತ್ತಿದೆ. ಬಯ್ಯಬೇಕಾದದ್ದು ಆ ಜೆಸಿಬಿಯವನನ್ನೋ, ಗಲ್ಲಾದ ಮೇಲೆ ಕುಳಿತಿದ್ದವರನ್ನೋ, ನನ್ನನ್ನೋ ತಿಳಿಯದೆ ಮೂವರನ್ನೂ ಸರದಿಯ ಮೇಲೆ ಬಯ್ಯುತ್ತಿದ್ದೇನೆ.

ತಿಂದದ್ದು ಒಂದು ಮಸಾಲೆ ದೋಸೆ, ಒಂದು ಪ್ಲೇಟ್ ಬನ್ಸ್, ಒಂದು ಕಾಫಿ. ಸಾಗರದ ಆ ಹೋಟೆಲಿನ ಹೆಸರು ಬರೆಯುವುದಿಲ್ಲ, ದೋಸೆ ಚೆನ್ನಾಗಿಯೇ ಇತ್ತು. ಕೈ ತೊಳೆದು ಬಂದು ಗಲ್ಲಾದ ಮುಂದೆ ಮೊಬೈಲ್ ಹಿಡಿದೆ. ಪರದೆಯ ಮೇಲೆ ಆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ‘ನೆಟ್ ಇಲ್ಲ ಸಾರ್, ಬೆಳಗ್ಗೆಯಿಂದ ಯಾರದ್ದೂ ಬರುತ್ತಿಲ್ಲ’ ಎಂದರು ಗಲ್ಲಾದವರು. ಈ ಮಾತನ್ನು ದೋಸೆಗೆ ಮೊದಲು ಹೇಳಬಹುದಿತ್ತಲ್ಲ ಮಹರಾಯರೇ! ಬಾಗಿಲಿಗೆ ಒಂದು ಚೀಟಿ ಅಂಟಿಸಲು ಎಷ್ಟು ಹೊತ್ತು ಬೇಕು?

ಹೊರಗೆ ಹೋಗಿ ಕೈ ಎತ್ತಿ ಹಿಡಿದೆ. ಮೆಟ್ಟಿಲ ಮೇಲೆ ನಿಂತೆ, ಮೆಟ್ಟಿಲ ಕೆಳಗೆ ನಿಂತೆ. ಸಪ್ಲೈಯರ್ ಹುಡುಗ ಬಾಗಿಲಲ್ಲೇ ನಿಂತು ನನ್ನ ಮೇಲೊಂದು ಕಣ್ಣಿಟ್ಟಿದ್ದ. ಓಡಿಹೋಗುತ್ತೇನೆಂದು! ನಲವತ್ತಾರು ವರ್ಷದ ನಾನು, ಈ ಹೊಟ್ಟೆ ಹೊತ್ತುಕೊಂಡು, ಮಳೆಯಲ್ಲಿ! ಎದುರಿನ ಎಟಿಎಂಗೆ ಹೋದರೆ ಅದೂ ಕಣ್ಣು ಮುಚ್ಚಿತ್ತು. ಅದಕ್ಕೂ ಅದೇ ತಂತಿಯಂತೆ.

ನನ್ನ ಎರಡನೇ ಸಿಮ್‌ನಲ್ಲಿ ಕರೆ ಮಾತ್ರ ಹೋಗುತ್ತಿತ್ತು. ಬೆಂಗಳೂರಿಗೆ, ಹೆಂಡತಿಗೆ ಫೋನ್ ಮಾಡಿದೆ. ಗಲ್ಲಾದವರ ನಂಬರು ಹೇಳಿಸಿದೆ, ಅವಳು ಅಲ್ಲಿಂದಲೇ 85 ರೂಪಾಯಿ ಕಳಿಸಿದಳು. ಎಂಥ ಉಪಾಯ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಅವರು ಮೇಜಿನ ಮೇಲಿನ, ದುಡ್ಡು ಬಂದೊಡನೆ ಕೂಗಿ ಹೇಳುವ ಆ ಸಣ್ಣ ಪೆಟ್ಟಿಗೆಯ ಕಡೆ ನೋಡಿದರು. ನಾನೂ ನೋಡಿದೆ. ಹಿಂದೆ ಬಿಲ್ ಹಿಡಿದು ನಿಂತಿದ್ದ ಏಳೆಂಟು ಜನರೂ ನೋಡಿದರು. ಪೆಟ್ಟಿಗೆ ಉಸಿರೆತ್ತಲಿಲ್ಲ.

‘ಪೆಟ್ಟಿಗೆ ಕೂಗಲಿಲ್ಲವಲ್ಲ ಸಾರ್.’

‘ಅದಕ್ಕೂ ನೆಟ್ ಬೇಕು ಸ್ವಾಮಿ, ಅದರೊಳಗೂ ಒಂದು ಸಿಮ್ ಇರುತ್ತದೆ’ ಎಂದೆ.

‘ಹಾಗಾದರೆ ಸ್ಕ್ರೀನ್‌ಶಾಟ್ ತೋರಿಸಿ.’

ಸ್ಕ್ರೀನ್‌ಶಾಟ್ ಬರುವ ಹಾಗಿದ್ದರೆ ದುಡ್ಡನ್ನು ನಾನೇ ಕಳಿಸುತ್ತಿದ್ದೆನಲ್ಲವೇ! ಸ್ಪೀಕರ್ ಹಾಕಿ ಹೆಂಡತಿಯ ಕೈಯಲ್ಲಿ ಹೇಳಿಸಿದೆ. ‘ಅಣ್ಣಾ, ಹೋಗಿದೆ, ನನ್ನ ಖಾತೆಯಲ್ಲಿ ಕಡಿತವಾಗಿದೆ’ ಎಂದಳು. ‘ಎಲ್ಲರೂ ಹೀಗೇ ಹೇಳುತ್ತಾರೆ ಅಮ್ಮಾ’ ಎಂದರು ಅವರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ದೋಸೆಗಾಗಿ ನಾಟಕ ಕಟ್ಟಿದ್ದೇವೆ ಎಂದಾಯಿತು. ಮನುಷ್ಯರಿಬ್ಬರ ಮಾತಿಗಿಂತ ಅಂಗೈಯಗಲದ ಪ್ಲಾಸ್ಟಿಕ್ಕಿನ ಮಾತು ಹೆಚ್ಚು! ಸರಿ, ಅವರ ತಪ್ಪೂ ಇಲ್ಲ ಬಿಡಿ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋದವರು ಎಷ್ಟು ಜನರೋ. ಆದರೆ ನಾನು ಅಂಥವನ ಹಾಗೆ ಕಾಣುತ್ತೇನೆಯೇ?

ಆಗ ಬಂದರು ಅಪ್ಪನ ಹಳೆಯ ಸ್ನೇಹಿತರು, ಅಡಿಕೆ ಮಂಡಿಯಿಂದ ನೇರವಾಗಿ. ಇನ್ನೂರರ ನೋಟು ಗಲ್ಲಾದ ಮೇಲಿಟ್ಟು, ಇಡೀ ಹೋಟೆಲಿಗೆ ಕೇಳುವಂತೆ, ‘ಇವನು ನಮ್ಮ ಮಾಸ್ತರರ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ತಿಂಡಿಗೆ ದುಡ್ಡಿಲ್ಲವಂತೆ, ಪಾಪ. ಇದರಲ್ಲೇ ಮುರಿದುಕೊಳ್ಳಿ’ ಎಂದರು. ಆ ‘ಪಾಪ’ ಇದೆಯಲ್ಲ, ಅದೊಂದನ್ನು ಬಿಟ್ಟಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಕಾರಣ ಆಮೇಲೆ ತಿಳಿಯಿತು. ರಸ್ತೆ ಅಗಲ ಮಾಡುವ ಜೆಸಿಬಿ ನೆಲದೊಳಗಿನ ಫೈಬರ್ ಕೇಬಲ್ ಕಡಿದು ಹಾಕಿತ್ತು. ಟವರ್ ನೆಟ್ಟಗೆ ನಿಂತಿರುತ್ತದೆ, ಮೊಬೈಲಿನಲ್ಲಿ ಕಡ್ಡಿಗಳೂ ಕಾಣುತ್ತವೆ, ಟವರಿನಿಂದ ಆಚೆ ಹೋಗುವ ದಾರಿಯೇ ಇರುವುದಿಲ್ಲ. ಅಗೆಯುವ ಮೊದಲು ಕೇಬಲಿನ ಒಡೆಯರಿಗೆ ತಿಳಿಸಲೆಂದೇ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿತ್ತು. ಗುದ್ದಲಿ ಹಿಡಿದವನು ಆ್ಯಪ್ ತೆರೆಯಬೇಕು! ನಮ್ಮೂರಿನಲ್ಲಿ ಅದನ್ನು ತೆರೆದವರು ಒಬ್ಬರಾದರೂ ಇದ್ದಾರೆಯೇ? ಇದ್ದರೆ ಮುಂದೆ ಬನ್ನಿ. ಗುತ್ತಿಗೆದಾರರೇ ಬನ್ನಿ, ಎಂಜಿನಿಯರ್ ಸಾಹೇಬರೇ ಬನ್ನಿ, ಯಾರಾದರೂ ಒಬ್ಬರು ಉತ್ತರ ಕೊಡಿ.

ಆದರೆ ಬೇರೆಯವರನ್ನು ಕೇಳುವ ಬಾಯಿ ನನಗೆಲ್ಲಿದೆ? 2025ರ ಜುಲೈನಲ್ಲಿ ತೆರಿಗೆ ನೋಟಿಸಿಗೆ ಹೆದರಿ ಬೆಂಗಳೂರಿನ ಸಣ್ಣ ಅಂಗಡಿಯವರು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಚೀಟಿ ಅಂಟಿಸಿದಾಗ ನಮ್ಮ ಬೀದಿಯ ಬೇಕರಿಯವನಿಗೆ ಹತ್ತು ನಿಮಿಷ ಭಾಷಣ ಬಿಗಿದವನು ನಾನೇ. ಅದೇ ವರ್ಷದ ಏಪ್ರಿಲ್ 12ರಂದು ದೇಶದ ಉದ್ದಗಲಕ್ಕೂ ಯುಪಿಐ ಮುಗ್ಗರಿಸಿದ್ದನ್ನು ಸುದ್ದಿಯಲ್ಲಿ ಓದಿ, ಕೈಯಲ್ಲಿ ಹತ್ತು ರೂಪಾಯಿಯೂ ಇಟ್ಟುಕೊಳ್ಳದ ಜನ ಎಂದು ನಕ್ಕವನೂ ನಾನೇ. ಅಂದು ನನ್ನ ಜೇಬಿನಲ್ಲೂ ಏನೂ ಇರಲಿಲ್ಲ, ಮನೆಯಿಂದ ಹೊರಗೆ ಹೋಗಿರಲಿಲ್ಲ ಅಷ್ಟೇ.

ಇನ್ನೂ ನಾಚಿಕೆಯ ಸಂಗತಿ ಕೇಳಿ. *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೇ, ಬರಿಯ ಕರೆಯ ಸಿಗ್ನಲ್‌ನಲ್ಲಿ ಹಣ ಕಳಿಸಬಹುದು. ಬ್ಯಾಂಕಿಗೆ ಕೊಟ್ಟಿರುವುದೂ ಆ ಎರಡನೇ ಸಿಮ್‌ನ ನಂಬರೇ. ಇದನ್ನು ನನಗೆ ಹೇಳಿದವನು ಪಿಯುಸಿ ಓದುವ ಅಕ್ಕನ ಮಗ, ಮಧ್ಯಾಹ್ನ ಊಟದ ಹೊತ್ತಿಗೆ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದ ಮಾವ ಸಾರನ್ನದ ತಟ್ಟೆ ನೋಡುತ್ತಾ ಕುಳಿತಿದ್ದೆ. ಹೋಗಲಿ, ಅದರಲ್ಲಿ ಕಳಿಸಿದ್ದರೂ ಪೆಟ್ಟಿಗೆ ಕೂಗುತ್ತಿರಲಿಲ್ಲ.

ಸಂಜೆ ಐದಕ್ಕೆ ನೆಟ್ ಬಂತು. ಹೆಂಡತಿ ಸ್ಕ್ರೀನ್‌ಶಾಟ್ ಕಳಿಸಿದಳು: ಬೆಳಗ್ಗೆ ಒಂಬತ್ತು ಗಂಟೆಗೇ 85 ರೂಪಾಯಿ ಅವರ ಖಾತೆಗೆ ಜಮೆ. ಅಂದರೆ ಒಂದು ದೋಸೆಗೆ ಎರಡು ಸಲ ದುಡ್ಡು ಕೊಟ್ಟಾಯಿತು. ವಾಪಸ್ ಕೇಳಲು ಹೋಗಬೇಕೇ? ಪೆಟ್ಟಿಗೆ ಕೂಗಿದ್ದನ್ನು ಕೇಳಲಿಲ್ಲ ಎಂದರೆ ಏನು ಮಾಡಲಿ? ಅಪ್ಪನ ಸ್ನೇಹಿತರಿಗಂತೂ ಹಣ ಕೊಡಲೇಬೇಕು. ಅವರ ಬಳಿ ಇರುವುದು ಬಟನ್ ಫೋನು. ಎಟಿಎಂಗೆ ಹೋಗಿ ಬಂದೆ, ಐನೂರರ ನೋಟುಗಳನ್ನಷ್ಟೇ ಕೊಟ್ಟಿತು. 85 ರೂಪಾಯಿಗೆ ಈಗ ಚಿಲ್ಲರೆ ಹುಡುಕುತ್ತಿದ್ದೇನೆ.