ಟೆಂಡರ್‌ನಲ್ಲಿ ಹಸಿರು, ಗೋದಾಮಿನಲ್ಲಿ ಮಾಮೂಲು

ಸರ್ಕಾರಿ ಕಚೇರಿಯ ಟೆಂಡರ್‌ನಲ್ಲಿ ‘ಕಾಗದ ಪರಿಸರಸ್ನೇಹಿ ಆಗಿರಬೇಕು’ ಅಂತ ಒಂದು ಸಾಲು ತುರುಕಿಬಿಟ್ಟರೆ ಕೆಲಸ ಮುಗೀತು ಅಂದುಕೊಂಡವರಿಗೆ ಏನು ಹೇಳೋದು? ಅದನ್ನು ಯಾವ ತಕ್ಕಡಿಯಲ್ಲಿ ತೂಗ್ತೀರಿ? ರೀಮಿನ ಮೇಲೆ ಹಸಿರು ಎಲೆಯ ಚಿತ್ರ ಅಚ್ಚು ಹಾಕಿದವರೂ ಪಾಸು. ಬರೀ ‘ಮರುಬಳಕೆ’ ಅಂದರೆ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಅಂಚನ್ನೂ ಲೆಕ್ಕಕ್ಕೆ ಸೇರಿಸ್ತಾರೆ. ಜನ ಬಳಸಿ ಬಿಸಾಡಿದ ಕಾಗದದ ನಾರು ಶೇಕಡಾ ಎಷ್ಟಿರಬೇಕು, ಸಾಕ್ಷಿಗೆ ಐಎಸ್‌ಒ 14024 (ಪರಿಸರ ಲೇಬಲ್‌ಗಳ ಅಂತರರಾಷ್ಟ್ರೀಯ ಮಾನದಂಡ) ಮಾದರಿಯ, ಮಾರುವವರೂ ಕೊಳ್ಳುವವರೂ ಅಲ್ಲದ ಮೂರನೆಯವರು ಪರಿಶೀಲಿಸಿ ಕೊಟ್ಟ ಲೇಬಲ್ ಬೇಕು ಅಂತ ಬರೆದಿದ್ದರೆ ತಾನೇ ಮಾಲು ವಾಪಸ್ ಕಳಿಸೋಕೆ ಆಧಾರ?

ಪ್ರಿಂಟರ್ ಕಥೆ ಇನ್ನೂ ಕೆಟ್ಟದ್ದು. ಯಂತ್ರದ ಬೆಲೆ ಮಾತ್ರ ಹೋಲಿಸಿ, ಕಡಿಮೆ ಹೇಳಿದವರಿಗೆ ಆರ್ಡರ್. ಐದು ವರ್ಷಕ್ಕೆ 60,000 ಪುಟ ಅಂತಿಟ್ಟುಕೊಳ್ಳಿ: 1,500 ಪುಟ ಬರುವ ಟೋನರ್ (ಮುದ್ರಣದ ಶಾಯಿಪುಡಿ) ಆದರೆ 40 ಡಬ್ಬಿ, 6,000 ಪುಟದ್ದಾದರೆ 10. ಟೋನರ್, ಕರೆಂಟು, ಡ್ರಮ್ (ಅಕ್ಷರ ಮೂಡಿಸುವ ಉರುಳೆ), ಕೊನೆಗೆ ವಿಲೇವಾರಿ ಇವೆಲ್ಲ ದರಪಟ್ಟಿಯ ಕಾಲಮ್ಮಿನಲ್ಲೇ ಇರಬೇಕಿತ್ತು. ಒಂದು ಡಬ್ಬಿಗೆ ಎಷ್ಟು ಪುಟ ಅನ್ನೋ ಲೆಕ್ಕವನ್ನು, ಕಪ್ಪು-ಬಿಳುಪು ಲೇಸರ್ ಪ್ರಿಂಟರ್‌ನ ಟೋನರ್ ಅಳೆಯುವ ಐಎಸ್‌ಒ 19752 ಮಾನದಂಡದ ಪ್ರಕಾರ ಕೇಳಿ, ಇಲ್ಲದಿದ್ದರೆ ಒಬ್ಬೊಬ್ಬರದು ಒಂದೊಂದು ಅಳತೆ.

ಡ್ಯೂಪ್ಲೆಕ್ಸ್ (ಹಾಳೆಯ ಎರಡೂ ಬದಿ ತಾನೇ ಮುದ್ರಿಸುವ ಸೌಲಭ್ಯ) ಇರುವ ಯಂತ್ರವೇ ಬಂತು ಅಂತಿಟ್ಟುಕೊಳ್ಳಿ, ಕಂಪ್ಯೂಟರಿನಿಂದ ಪ್ರಿಂಟರ್ ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲಿ ‘ಒಂದೇ ಬದಿ’ ಸೆಟ್ಟಿಂಗ್ ಹಾಗೇ ಕೂತಿರುತ್ತೆ! ಅದನ್ನು ಬದಲಿಸಿ ಕೊಡೋದು ಅಳವಡಿಸುವವನ ಕೆಲಸ ಅಂತ ಆರ್ಡರ್‌ನಲ್ಲಿ ಇರೋದೇ ಇಲ್ಲ. ಗೋದಾಮಿನವರು ಪೆಟ್ಟಿಗೆ ಎಣಿಸಿ ಸಹಿ ಹಾಕ್ತಾರೆ, ಲೇಬಲ್ ಸಂಖ್ಯೆ ತಾಳೆ ನೋಡುವವರು ಯಾರೂ ಇಲ್ಲ.