ಎರಡನೆಯ ಸ್ಥಾನದವರ ಪರವಾಗಿ

ಅಮೆರಿಕದ ಸಾರ್ವಕಾಲಿಕ ಶ್ರೇಷ್ಠ ರಾಕ್ ಬ್ಯಾಂಡ್ ಯಾವುದು ಎಂಬ ಪ್ರಶ್ನೆ ಊಟಕ್ಕೆ ಮುಂಚೆ ಎದ್ದರೆ ಸಾರು ಆರಿಹೋಗುತ್ತದೆ. ಊಟವಾದ ಮೇಲೆ ಎದ್ದರೆ ಆತಿಥೇಯರು ಎರಡನೆಯ ಸಲ ಕಾಫಿ ಬೆರೆಸಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ನೆಲೆಸಿರುವ ನಾವು ನಾಲ್ಕೈದು ಕನ್ನಡ ಕುಟುಂಬಗಳವರು ಈ ಎರಡನ್ನೂ ಬಹಳ ಸಲ ಅನುಭವಿಸಿದ್ದೇವೆ.

ಬ್ರಿಟನ್ನಿನ ಬಗ್ಗೆ ಇದೇ ಪ್ರಶ್ನೆ ಕೇಳಿದರೆ ಬೀಟಲ್ಸ್ ಎಂದು ಹೇಳಿ ಕೈತೊಳೆಯಲು ಏಳಬಹುದು. ರಾಕ್ ಹುಟ್ಟಿದ ಅಮೆರಿಕವಾದರೋ ತನ್ನ ದೊಡ್ಡ ಹೆಸರುಗಳನ್ನು ಚಕ್ ಬೆರಿ, ಎಲ್ವಿಸ್ ಪ್ರೀಸ್ಲಿ, ಬಾಬ್ ಡಿಲನ್ ಎಂದು ಒಬ್ಬೊಬ್ಬರಾಗಿಯೇ ಹೆತ್ತಿತು. ಬ್ಯಾಂಡ್ ಎಂದೊಡನೆ ಲೆಕ್ಕ ತಪ್ಪುತ್ತದೆ. ಜಿಮಿ ಹೆಂಡ್ರಿಕ್ಸ್ ಸಿಯಾಟಲ್‌ನವನು, ಆದರೆ ಅವನ ಬ್ಯಾಂಡ್ ಕೂಡಿದ್ದು 1966ರಲ್ಲಿ ಲಂಡನ್ನಿನಲ್ಲಿ, ಜೊತೆಗಾರರಿಬ್ಬರೂ ಇಂಗ್ಲಿಷರು. ‘ದಿ ಬ್ಯಾಂಡ್’ ಎಂದೇ ಹೆಸರಿಟ್ಟುಕೊಂಡ ತಂಡದ ಐವರಲ್ಲಿ ನಾಲ್ವರು ಕೆನಡಾದವರು. ಅರ್ಕಾನ್ಸಾದ ಲೀವಾನ್ ಹೆಲ್ಮ್ ಒಬ್ಬನ ಪೌರತ್ವದ ಬಲದಿಂದ ಉಳಿದವರನ್ನೂ ಒಳಗೆ ಬಿಡಬಹುದೇ ಎಂಬುದನ್ನು, ವೀಸಾದ ಪಾಡು ಪಟ್ಟಿರುವ ನಮ್ಮಂಥವರು ಅನಗತ್ಯ ಗಾಂಭೀರ್ಯದಿಂದ ಯೋಚಿಸುತ್ತೇವೆ. ಬೀಚ್ ಬಾಯ್ಸ್ ಎಂದರೆ ನನ್ನ ತಲೆಯೂ ಬಾಗುತ್ತದೆ, ಏಕೆಂದರೆ ಅವರ 1966ರ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಸ್ವರಗಳನ್ನು ಹೆಣೆದ ಬ್ರಯಾನ್ ವಿಲ್ಸನ್‌ಗೆ ಒಂದು ಕಿವಿ ಹೆಚ್ಚುಕಡಿಮೆ ಕೇಳಿಸುತ್ತಲೇ ಇರಲಿಲ್ಲ. ಆದರೆ ಅದರ ವಾದ್ಯಗಳನ್ನು ಬಹುಪಾಲು ನುಡಿಸಿದವರು ಸಂಭಾವನೆಗೆ ಬಂದ ಸ್ಟುಡಿಯೋ ಕಲಾವಿದರಾದ್ದರಿಂದ, ಅದನ್ನು ಬ್ಯಾಂಡಿನ ಖಾತೆಗೆ ಬರೆಯಬೇಕೋ ಒಬ್ಬನ ಖಾತೆಗೋ ಎಂಬುದು ಇತ್ಯರ್ಥವಾಗಿಲ್ಲ.

ನನ್ನ ಮತ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ಗೆ. ಅವರ ಊರು ಎಲ್ ಸೆರಿಟೋ ಬರ್ಕ್ಲಿಯ ಪಕ್ಕದಲ್ಲೇ ಇದೆ. ಅಲ್ಲಿನ ಶಾಲೆಯಲ್ಲಿ ಜೊತೆಯಾದ ಹುಡುಗರು ಸಾವಿರಾರು ಮೈಲಿ ದೂರದ ಲೂಯಿಸಿಯಾನಾದ ಜೌಗುನೆಲವನ್ನು, ಅಲ್ಲೇ ಕಾಲು ಹೂತು ಬೆಳೆದವರಂತೆ ಹಾಡಿದರು. 1969 ಒಂದೇ ವರ್ಷದಲ್ಲಿ ಮೂರು ಆಲ್ಬಮ್ ಹೊರತಂದು, 1972ರಲ್ಲಿ ಜಗಳವಾಡಿಕೊಂಡು ಚದುರಿದರು. ಮುಂದೆ ಅವರ ಮುಖ್ಯ ಗಾಯಕ ಜಾನ್ ಫೋಗರ್ಟಿ ಒಬ್ಬನೇ ಹಾಡತೊಡಗಿದಾಗ, ಅವನ ಹೊಸ ಹಾಡು ಅವನದೇ ಹಳೆಯ ಹಾಡಿನ ನಕಲೆಂದು ಹಳೆಯ ಹಾಡಿನ ಹಕ್ಕುಳ್ಳ ಕಂಪನಿ ದಾವೆ ಹೂಡಿತು. 1988ರಲ್ಲಿ ಅವನು ಸಾಕ್ಷಿಕಟ್ಟೆಯಲ್ಲಿ ಗಿಟಾರ್ ನುಡಿಸಿ ತೋರಿಸಿ ಗೆದ್ದನು. ಇಷ್ಟಾಗಿಯೂ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಐದು ಸಲ ಎರಡನೆಯ ಸ್ಥಾನಕ್ಕೇರಿದ ಈ ಬ್ಯಾಂಡ್ ಒಮ್ಮೆಯೂ ಮೊದಲನೆಯದಾಗಲಿಲ್ಲ. ತರಗತಿಯಲ್ಲಿ ಸದಾ ಎರಡನೆಯವನಾಗಿದ್ದ ನನ್ನ ಪಕ್ಷಪಾತಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನನ್ನ ಎದುರುವಾದಿ ಮಿತ್ರರು ಇನ್ನೊಂದು ಬ್ಯಾಂಡಾದ ಗ್ರೇಟ್‌ಫುಲ್ ಡೆಡ್‌ನ ಪರಮಭಕ್ತರು. ಮೂವತ್ತು ವರ್ಷ, ಎರಡು ಸಾವಿರ ಮುನ್ನೂರಕ್ಕೂ ಹೆಚ್ಚು ಕಛೇರಿಗಳು, ಯಾರು ಬೇಕಾದರೂ ಧ್ವನಿಮುದ್ರಿಸಿಕೊಳ್ಳಬಹುದೆಂಬ ಔದಾರ್ಯ: ಇವೆಲ್ಲವನ್ನೂ ಅವರು ಸಹಸ್ರನಾಮದಂತೆ ಒಪ್ಪಿಸುತ್ತಾರೆ. ನಾನು ವುಡ್‌ಸ್ಟಾಕ್ ಸಂಗೀತೋತ್ಸವವನ್ನು ನೆನಪಿಸುತ್ತೇನೆ. 1969ರ ಆ ರಾತ್ರಿ ಡೆಡ್‌ನವರು ಎಳೆದು ಎಳೆದು ನುಡಿಸಿದ್ದರಿಂದ, ಅವರ ನಂತರ ಕಾದಿದ್ದ ಕ್ರೀಡೆನ್ಸ್ ವೇದಿಕೆ ಹತ್ತಿದಾಗ ನಡುರಾತ್ರಿ ಕಳೆದು ಜನ ಕೆಸರಿನಲ್ಲಿ ನಿದ್ದೆಹೋಗಿದ್ದರೆಂದು ಫೋಗರ್ಟಿ ಇಂದಿಗೂ ಹೇಳಿಕೊಳ್ಳುತ್ತಾನೆ. ಮೊನ್ನೆ ಶನಿವಾರ ಇದನ್ನೇ ಎತ್ತಿ ಆಡಿದಾಗ ಮಿತ್ರರು ಉತ್ತರಿಸದೆ ಡೆಡ್‌ನ ಹಳೆಯದೊಂದು ಕಛೇರಿಯನ್ನು ಹಾಕಿ, ‘ಇದೊಂದು ಕೇಳಿ, ಆಮೇಲೆ ನಿಮ್ಮವರದು’ ಎಂದರು. ನಾವು ಬಾಗಿಲಲ್ಲಿ ಚಪ್ಪಲಿ ಹುಡುಕುವ ಹೊತ್ತಿಗೂ ಆ ಹಾಡು ಮುಗಿದಿರಲಿಲ್ಲ.