ಮೇಲೆ ಹೋದವರಿಗೂ ವಾಟ್ಸಾಪ್

ನಮ್ಮ ವಿಮಾನಗಳಲ್ಲಿ ವೈಫೈ ಬಂದಿದೆ. ಬಂದಿದೆ ಅಂದರೆ, ಕೆಲವು ವಿಮಾನಗಳಲ್ಲಿ, ಕೆಲವು ಸಲ, ಕೆಲವರ ಫೋನಿಗೆ.

ಅವಸರ ಪಡಲಿಲ್ಲ ನಮ್ಮವರು. 3,000 ಮೀಟರ್ ಮೇಲೇರಿದ ಮೇಲೆ ಇಂಟರ್ನೆಟ್ ಬಳಸಬಹುದು ಅಂತ ಟೆಲಿಕಾಂ ಇಲಾಖೆಯ ನಿಯಮ ಬಂದದ್ದು 2018ರ ಡಿಸೆಂಬರಿನಲ್ಲಿ. 2020ರ ಮಾರ್ಚಿನಲ್ಲಿ ಇನ್ನೊಂದು ಇಲಾಖೆ, ಪೈಲಟ್ ಒಪ್ಪಿದರೆ ಆಗಬಹುದು ಅಂದಿತು. 2024ರ ನವೆಂಬರಿನಲ್ಲಿ ನಿಯಮಕ್ಕೆ ಮತ್ತೆ ತಿದ್ದುಪಡಿ. ಏರ್ ಇಂಡಿಯಾ ದೇಶದೊಳಗೆ ವೈಫೈ ಶುರು ಮಾಡಿದ್ದು 2025ರ ಜನವರಿ 1ಕ್ಕೆ, ಅದೂ ಆಯ್ದ ವಿಮಾನಗಳಲ್ಲಿ. ಪುಣ್ಯಕ್ಕೆ ರೈಟ್ ಸಹೋದರರು ನಮ್ಮಲ್ಲಿ ಅರ್ಜಿ ಹಾಕಿರಲಿಲ್ಲ.

ದಾರಿಯೂ ದೂರ ಬಿಡಿ. ಆಕಾಶದಲ್ಲಿ ವೈಫೈ ಅಂದರೆ ಉಪಗ್ರಹದ ಮೂಲಕ. ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತ ಹಾಗೆ ಕಾಣುವ ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ನಿಮ್ಮ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ವಿಮಾನದ ಬೆನ್ನ ಮೇಲಿನ ಆಂಟೆನಾದಿಂದ ಹೊರಟು, ಅಷ್ಟು ದೂರ ಹತ್ತಿ, ಅಷ್ಟೇ ದೂರ ಇಳಿದು ಅತ್ತಿಗೆಯ ಫೋನು ಸೇರಬೇಕು. ಉಳಿದವರ ಗುಲಾಬಿಗಳೂ ಅದೇ ಆಂಟೆನಾದಲ್ಲೇ ನುಗ್ಗಬೇಕು. ಅದನ್ನು ಕೂರಿಸಲು ವಿಮಾನವನ್ನು ಹಾರಿಸದೆ ನಿಲ್ಲಿಸಬೇಕು. ಆಮೇಲೆ ಆ ಗೂನು ಹೊತ್ತು ಹಾರಲು ಇಂಧನ ಜಾಸ್ತಿ. ಕಿಟಕಿ ಸೀಟಿಗೂ ದುಡ್ಡು ಕೇಳುವ ಕಂಪನಿಗಳು ಇಷ್ಟು ಖರ್ಚಿಗೆ ಸುಮ್ನೆ ಒಪ್ಪುತ್ತವಾ?

ವಿಮಾನಕ್ಕೂ ಇಂಟರ್ನೆಟ್ ಕೊಡಲಿ ಅಂತ ಇಸ್ರೋ ಜಿಸ್ಯಾಟ್-ಎನ್2 ಉಪಗ್ರಹ ಕಟ್ಟಿತು. ತೂಕ 4,700 ಕೆ.ಜಿ. ನಮ್ಮ ರಾಕೆಟ್ಟಿಗೆ ಭಾರವಾಯಿತು. 2024ರ ನವೆಂಬರಿನಲ್ಲಿ ಅಮೆರಿಕದಿಂದ ಸ್ಪೇಸ್‌ಎಕ್ಸ್ ರಾಕೆಟ್ ಹತ್ತಿಸಿ ಕಳಿಸಿದರು. ಮೇಲೆ ಹೋದ ಮೇಲೆ ಅದರ ಲಗಾಮು ಹಿಡಿದದ್ದು ನಮ್ಮ ಹಾಸನದ ಕೇಂದ್ರ. ಹೆಮ್ಮೆ ಅಲ್ವಾ? ಹಾಗಾದರೆ ಅದೇ ಜಿಲ್ಲೆಯ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ನೋಡಿ. ಫೋನಿನ ಕಡ್ಡಿಗಳು ಒಂದೊಂದೇ ಮಾಯವಾಗುತ್ತವೆ. ಮಳೆಗಾಲದಲ್ಲಿ ಗುಡ್ಡ ಜರಿದು ಬಸ್ಸು ನಿಂತರೆ, ಮನೆಗೆ ವಿಷಯ ಮುಟ್ಟಿಸಲು ಫೋನನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ರಸ್ತೆಯುದ್ದ ನಡೆಯಬೇಕು.

ಇರಲಿ, ವಿಮಾನದವರಾದರೂ ಸುಖವಾಗಿರಲಿ. ನಡು ಸೀಟಿನ ಯಜಮಾನರು ವಿಡಿಯೋ ಕಾಲ್ ಹಚ್ಚಿದ್ದಾರೆ. "ಕಾಣ್ತಿದೆಯೇನೇ? ಮೋಡ, ಮೋಡ!" ಅಂತ ಕಿಟಕಿಯವನ ಮೂಗಿನ ಮುಂದೆ ಫೋನು ಚಾಚಿದ್ದಾರೆ. ಪರದೆಯ ಮೇಲೆ ಹೆಂಡತಿ ಬಾಯಿ ತೆರೆದು ನಿಂತುಬಿಟ್ಟಿದ್ದಾರೆ. ಚಕ್ರ ತಿರುಗುತ್ತಿದೆ. "ಕೇಳಿಸ್ತಿಲ್ಲ, ಜೋರಾಗಿ ಹೇಳೇ!" ಹಿಂದಿನ ಎಂಟು ಸಾಲಿಗೂ ಕೇಳಿಸುತ್ತಿದೆ.

ನಗು ಬರುತ್ತೆ, ನಿಜ. ಆದರೆ ವಿಮಾನ ನಾಲ್ಕು ಗಂಟೆ ತಡವಾದಾಗ ಗೇಟಿನಲ್ಲಿ ಫೈವ್‌ಜಿ ಇದೆ, ಮೈಕ್ ಇದೆ, ಸಮವಸ್ತ್ರದವರೂ ಇದ್ದಾರೆ. ಯಾಕೆ ತಡ ಅಂತ ಹೇಳಲು ಮಾತ್ರ ಯಾರಿಗೂ ಬಾಯಿಲ್ಲ. ತಡವಾದರೆ ಸರಿಯಾದ ಮಾಹಿತಿ ಕೊಡಿ ಅಂತ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲೇ ಹೇಳಿದೆ. ಕೂಸು ಹೆಗಲಿಗೆ ಹಾಕಿಕೊಂಡು ನಿಂತ ತಾಯಿಗೆ ಯಾವ ಉಪಗ್ರಹವೂ ಬೇಡ. ಹೊರಡುತ್ತದಾ, ಇಲ್ಲವಾ? ಅಷ್ಟು ಹೇಳ್ರಪ್ಪಾ.